ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಿನುಗುತ್ತದೆಯೇ? ಹಳೆ ಗಾಡಿಯ ವೈರಿಂಗ್ ಬದಲಿಸುವ ಮುನ್ನ ಇದನ್ನು ಓದಿ

ಸುಳ್ಯ, ಕಡಬ ಕಡೆಯ ಒಳರಸ್ತೆಗಳಲ್ಲಿ ಹಳೆಯ ಜೀಪುಗಳು ಈಗಲೂ ಓಡುತ್ತವೆ. ಅಂಬಾಸಿಡರ್ ತಯಾರಿ 2014ರಲ್ಲೇ ನಿಂತರೂ ಪುತ್ತೂರಿನ ಕೆಲವು ಮನೆಗಳ ಶೆಡ್ಡಿನಲ್ಲಿ ಅದಿನ್ನೂ ಇದೆ. ಮಳೆಗಾಲದಲ್ಲಿ ಇಂಥ ಗಾಡಿಗಳಿಗೆ ಬರುವ ಒಂದು ವಿಚಿತ್ರ ರೋಗವಿದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಮುಂದಿನ ಎಡ ದೀಪ ಸರಿಯಾಗಿ ಉರಿಯುವುದಿಲ್ಲ. ಬದಲಿಗೆ ಪಾರ್ಕಿಂಗ್ ಲೈಟುಗಳೆಲ್ಲ ಮಂದವಾಗಿ ಮಿಣಮಿಣ ಅನ್ನುತ್ತವೆ. ‘ವೈರಿಂಗೇ ಹೋಗಿದೆ, ಇಡೀ ಬದಲಿಸಿ’ ಎಂಬ ಸಲಹೆಯೂ ತಕ್ಷಣ ಸಿಗುತ್ತದೆ. ಹೆಚ್ಚಿನ ಸಲ ಅಷ್ಟು ಖರ್ಚು ಬೇಕಾಗಿಲ್ಲ.

ಒಂದೇ ಬಲ್ಬ್, ಎರಡು ಕೆಲಸ

ಹಲವು ಹಳೆಯ ಗಾಡಿಗಳಲ್ಲಿ ಮುಂದಿನ ಇಂಡಿಕೇಟರಿಗೂ ಪಾರ್ಕಿಂಗ್ ಲೈಟಿಗೂ ಇರುವುದು ಒಂದೇ ಬಲ್ಬ್. ಅಂಗಡಿಯಲ್ಲಿ ‘ಡಬಲ್ ಕಾಂಟ್ಯಾಕ್ಟ್’ ಎಂದು ಕೇಳುತ್ತೇವಲ್ಲ, ಅದು. ಗಾಜಿನೊಳಗೆ ಎರಡು ಎಳೆಗಳಿರುತ್ತವೆ: 5 ವ್ಯಾಟಿನದು ಪಾರ್ಕಿಂಗಿಗೆ, 21 ವ್ಯಾಟಿನದು ಇಂಡಿಕೇಟರಿಗೆ. ಪಾರ್ಕಿಂಗ್ ಲೈಟ್ ಹಾಕಿರುವಾಗ ಇಂಡಿಕೇಟರ್ ಕೊಟ್ಟರೆ ಸಣ್ಣ ಎಳೆ ಉರಿಯುತ್ತಲೇ ಇರುತ್ತದೆ, ದೊಡ್ಡದು ಹತ್ತಿ ಆರುತ್ತದೆ. ಹಾಗಾಗಿ ದೀಪ ಪೂರ್ತಿ ಆರದೆ ‘ಡಿಮ್-ಬ್ರೈಟ್’ ಆಗುತ್ತದೆ. ಇದು ದೋಷವಲ್ಲ, ಅದು ಇರಬೇಕಾದ್ದೇ ಹಾಗೆ.

ಎರಡು ಎಳೆಗಳಿಗೆ ಕರೆಂಟ್ ಬರುವ ತಂತಿಗಳು ಬೇರೆ ಬೇರೆ. ಆದರೆ ಬ್ಯಾಟರಿಗೆ ಮರಳುವ ದಾರಿ ಒಂದೇ: ಬಲ್ಬಿನ ಹಿತ್ತಾಳೆ ಬುಡ, ಹೋಲ್ಡರ್, ಅಲ್ಲಿಂದ ಗಾಡಿಯ ಬಾಡಿ. ಇದನ್ನೇ ಗ್ಯಾರೇಜಿನವರು ‘ಅರ್ತ್’ ಎನ್ನುವುದು. ಜೂನ್ ಶುರುವಾದರೆ ತಿಂಗಳುಗಟ್ಟಲೆ ನೆನೆಯುವ ನಮ್ಮ ಊರುಗಳಲ್ಲಿ ಮೊದಲು ತುಕ್ಕು ಹಿಡಿಯುವುದೂ ಇದೇ ಜಾಗಕ್ಕೆ. ಮಡ್ಗಾರ್ಡಿನ ಹಿಂದಿನಿಂದ ಕೆಸರು ನೀರು ನೇರವಾಗಿ ಅಲ್ಲಿಗೇ ಎರಚುತ್ತದೆ.

ಅರ್ತ್ ಕಡಿದುಹೋದರೆ ಇಂಡಿಕೇಟರಿನ ಕರೆಂಟ್ ದೊಡ್ಡ ಎಳೆಯನ್ನು ದಾಟಿ ಬಾಡಿಗೆ ಹೋಗಲಾಗದೆ, ಸಣ್ಣ ಎಳೆಯೊಳಗೆ ಹಿಂದುಮುಂದಾಗಿ ನುಗ್ಗಿ ಪಾರ್ಕಿಂಗ್ ತಂತಿಗೆ ಸೇರುತ್ತದೆ. ಆ ತಂತಿ ಉಳಿದ ಪಾರ್ಕಿಂಗ್ ಬಲ್ಬುಗಳಿಗೆಲ್ಲ ಹೋಗುತ್ತದಷ್ಟೆ. ಅವುಗಳ ಅರ್ತ್ ಚೆನ್ನಾಗಿರುವುದರಿಂದ ಕರೆಂಟ್ ಅಲ್ಲಿ ಇಳಿಯುತ್ತದೆ. ಅದಕ್ಕೇ ಎಡ ಇಂಡಿಕೇಟರ್ ಹಾಕಿದರೆ ಬಲಗಡೆಯ, ಹಿಂದಿನ ಪಾರ್ಕಿಂಗ್ ದೀಪಗಳೂ ಮಿನುಗುವುದು.

ರಾತ್ರಿ ಇನ್ನೂ ತಮಾಷೆ. ಪಾರ್ಕಿಂಗ್ ಲೈಟ್ ಹಾಕಿರುವಾಗ ಸಣ್ಣ ಎಳೆಗೆ 12 ವೋಲ್ಟ್ ಬರುತ್ತಿರುತ್ತದೆ. ಇಂಡಿಕೇಟರ್ ಹತ್ತುವ ಕ್ಷಣ ದೊಡ್ಡ ಎಳೆಗೂ 12 ವೋಲ್ಟ್ ಬರುತ್ತದೆ. ಎರಡೂ ಕಡೆ ಒತ್ತಡ ಸಮ, ಹೊರಹೋಗಲು ದಾರಿಯಿಲ್ಲ, ಕರೆಂಟ್ ಹರಿಯುವುದೇ ಇಲ್ಲ. ಅಂದರೆ ಹತ್ತಬೇಕಾದ ಹೊತ್ತಿಗೆ ದೀಪ ಆರುತ್ತದೆ! ಉಲ್ಟಾ ಮಿನುಗುವ ಇಂಡಿಕೇಟರ್ ಕಂಡರೆ ನೂರಕ್ಕೆ ನೂರು ಅಲ್ಲದಿದ್ದರೂ ಮೊದಲ ಅನುಮಾನ ಅರ್ತ್ ಮೇಲೇ ಇರಲಿ.

ತಮಾಷೆ ಎಂದೆವು, ಆದರೆ ರಸ್ತೆಯಲ್ಲಿ ಅಲ್ಲ. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸಂಪಾಜೆ ಕಡೆಯಿಂದ ಬರುತ್ತಾ ಬಲಕ್ಕೆ ಒಳರಸ್ತೆಗೆ ತಿರುಗುವ ಜೀಪನ್ನು ಯೋಚಿಸಿ. ಹಿಂದಿನ ದೀಪ ಸರಿಯಾಗಿ ಮಿನುಗುತ್ತದೆ, ಡ್ಯಾಶ್‌ಬೋರ್ಡಿನದೂ ಹತ್ತುತ್ತಿರಬಹುದು. ಎದುರಿನಿಂದ ಬರುವ ಬಸ್ಸಿನವರಿಗೆ ಮಾತ್ರ ಏನೂ ಕಾಣುವುದಿಲ್ಲ. ಜೀಪ್ ಓಡಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಪತ್ತೆ ಹೇಗೆ?

ಒಂದು ತುಂಡು ವೈರ್ ಸಾಕು. ಅದರ ಒಂದು ತುದಿ ಬಲ್ಬ್ ಹೋಲ್ಡರಿನ ಲೋಹದ ಹೊರಮೈಗೆ, ಇನ್ನೊಂದು ತುದಿ ಬ್ಯಾಟರಿಯಿಂದ ಬಾಡಿಗೆ ಬೋಲ್ಟ್ ಹಾಕಿರುವ ದಪ್ಪ ವೈರಿನ ತುದಿಗೆ ತಾಗಿಸಿ. ಇಂಡಿಕೇಟರ್ ಸರಿಯಾದರೆ ರೋಗ ಸಿಕ್ಕಿತು. ಹೋಲ್ಡರ್ ಕೂರುವ ಜಾಗವನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದರೆ ಮಳೆಗಾಲ ಕಳೆಯುತ್ತದೆ. ಬ್ಯಾಟರಿಯ ಇನ್ನೊಂದು ಟರ್ಮಿನಲ್‌ಗೆ ಮಾತ್ರ ಆ ವೈರ್ ತಾಗಿಸಬೇಡಿ. ಗೊತ್ತಾಗದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ.

ಸರಿಯಾಗದಿದ್ದರೆ ಬಲ್ಬ್ ಬಿಚ್ಚಿ ನೋಡಿ. ಡಬಲ್ ಕಾಂಟ್ಯಾಕ್ಟ್ ಬಲ್ಬಿನ ಬದಿಯ ಎರಡು ಗುಬ್ಬಿಗಳು ಒಂದೇ ಎತ್ತರದಲ್ಲಿರುವುದಿಲ್ಲ, ತಿರುಗಿಸಿ ಹಾಕಬಾರದೆಂದೇ ಹಾಗೆ ಮಾಡಿದ್ದು. ಒತ್ತಿ ಉಲ್ಟಾ ಕೂರಿಸಿದ್ದರೆ ಪಾರ್ಕಿಂಗ್ ಕಣ್ಣು ಕುಕ್ಕುತ್ತದೆ, ಇಂಡಿಕೇಟರ್ ಕಾಣುವುದೇ ಇಲ್ಲ.

ಟಿಕ್-ಟಿಕ್ ನಿಂತುಹೋದರೆ ಅದು ಬೇರೆ ಕಥೆ. ಹಳೆಯ ಫ್ಲಾಶರಿನೊಳಗೆ ಕರೆಂಟಿನ ಬಿಸಿಗೆ ಬಾಗುವ ಲೋಹದ ಪಟ್ಟಿ ಇರುತ್ತದೆ. ಮುಂದೆ 21, ಹಿಂದೆ 21 ವ್ಯಾಟ್ ಸೇರಿ ಎಳೆಯುವ ಸುಮಾರು ಮೂರೂವರೆ ಆಂಪಿಯರ್ ಕರೆಂಟಿಗೆ ಅದು ಲೆಕ್ಕ ಹಾಕಿಟ್ಟದ್ದು. ಒಂದು ಬಲ್ಬ್ ಸುಟ್ಟರೆ, ಅಥವಾ ‘ಬೆಳಕು ಜಾಸ್ತಿ’ ಎಂದು ಎಲ್‌ಇಡಿ ಹಾಕಿದರೆ ಬಿಸಿ ಸಾಲದೆ ಲಯ ತಪ್ಪುತ್ತದೆ, ಕೆಲವೊಮ್ಮೆ ಮಿನುಗುವುದೇ ಇಲ್ಲ. ಎಲ್‌ಇಡಿ ಬೇಕೆಂದರೆ ಫ್ಲಾಶರನ್ನೂ ಬದಲಿಸಬೇಕು. ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ವಾಚ್ ಹಿಡಿದು ಎಣಿಸಬಹುದು.

‘ಹಳದಿ ಪಾರ್ಕಿಂಗ್ ಲೈಟಿಗೆ ದಂಡ’ ಎಂಬ ಮಾತು ನಿಮ್ಮ ಗ್ರೂಪಿಗೂ ಬಂದರೆ ಫಾರ್ವರ್ಡ್ ಮಾಡಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ಪಾರ್ಕಿಂಗ್ ಲೈಟ್ ಬಿಳಿ ಅಥವಾ ಹಳದಿ-ಕಿತ್ತಳೆ ಇರಬಹುದು ಎನ್ನುತ್ತವೆ, ಹಿಂದಿನದು ಕೆಂಪು. ಆದರೆ ಜಡಿಮಳೆಯಲ್ಲಿ ಗುಂಡ್ಯದಿಂದ ಶಿರಾಡಿ ಹತ್ತುವಾಗ ಅದೊಂದನ್ನೇ ನಂಬಿ ಓಡಿಸುವುದು ಬೇಡ. ಐದು ವ್ಯಾಟಿನ ಆ ದೀಪ ನಿಂತ ಗಾಡಿಯನ್ನು ತೋರಿಸಲು ಇರುವುದು, ಓಡುವಾಗ ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿ.