ಸ್ಪ್ರಿಂಗ್‌ಗೆ ರಬ್ಬರ್ ಬಫರ್ ಹಾಕಿಸಿದರೆ ಘಾಟಿಯಲ್ಲಿ ಕಾರು ಜಾರುವುದಿಲ್ಲವೇ?

ಆಗುಂಬೆ, ಚಾರ್ಮಾಡಿ ಕಡೆ ಹೊರಡುವವರಿಗೆ ಸಿಗುವ ಬಿಟ್ಟಿ ಸಲಹೆಗಳಲ್ಲಿ ಇದೂ ಒಂದು: ‘ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ಕೂರಿಸಿ, ತಿರುವಿನಲ್ಲಿ ಕಾರು ವಾಲುವುದಿಲ್ಲ, ರಸ್ತೆಗೆ ಅಂಟಿಕೊಂಡು ಹೋಗುತ್ತದೆ.’ ಈ ಮಾತಿನ ಮೊದಲರ್ಧ ಬಹುತೇಕ ನಿಜ. ಅಪಾಯ ಇರುವುದು ಎರಡನೆಯ ಅರ್ಧದಲ್ಲಿ.

ಬಫರ್ ಹಾಕಿದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಹಾಗಾಗಿ ಕಾರು ಕಡಿಮೆ ವಾಲುತ್ತದೆ. ಆದರೆ ವಾಲುವುದು ಬೇರೆ, ಜಾರುವುದು ಬೇರೆ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಗಡೆ ಚಕ್ರಗಳ ಮೇಲೆ ಬೀಳುತ್ತದಲ್ಲ, ಅದು ಎಷ್ಟು ಎಂಬುದನ್ನು ನಿರ್ಧರಿಸುವುದು ವೇಗ, ತಿರುವಿನ ಬಿಗಿ, ಭಾರ ಎಷ್ಟು ಎತ್ತರದಲ್ಲಿದೆ ಮತ್ತು ಎಡ-ಬಲ ಚಕ್ರಗಳ ನಡುವಿನ ಅಂತರ. ಸ್ಪ್ರಿಂಗ್ ಬಿಗಿ ಮಾಡಿದರೆ ಈ ಲೆಕ್ಕ ಹೆಚ್ಚೇನೂ ಬದಲಾಗದು. ಬದಲಾಗುವುದು ಚಾಲಕನ ಧೈರ್ಯ! ವಾಲುವುದು ಕಾಣದಿದ್ದರೆ ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಭಾರವಾಗುತ್ತದೆ.

ವೇಗ ಎರಡು ಪಟ್ಟಾದರೆ ಕಾರನ್ನು ತಿರುವಿನಲ್ಲಿ ಹಿಡಿದಿಡಲು ಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಕಾರಿನ ತೂಕದ ಸುಮಾರು 16% ಬಲ ಸಾಕು. 40 ಕಿ.ಮೀ. ಆದರೆ ಸುಮಾರು 63% ಬೇಕು. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು ಇದನ್ನು ಕೊಟ್ಟೀತು. ಮಳೆನೀರು, ಕೆಸರು, ಉದುರಿದ ಎಲೆ ಇರುವ ಕಡೆ ಸವೆದ ಟೈರಿನಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ.

ಇನ್ನೊಂದು ವಿಷಯ ಇಂಥ ಸಲಹೆಗಳಲ್ಲಿ ಬರುವುದೇ ಇಲ್ಲ. ಡಿಕ್ಕಿ ತುಂಬಿದಾಗ ಹಿಂಭಾಗ ಕುಸಿಯುತ್ತದೆಂದು ಹಲವರು ಹಿಂದಿನ ಸ್ಪ್ರಿಂಗ್‌ಗೆ ಮಾತ್ರ ಬಫರ್ ಹಾಕಿಸುತ್ತಾರೆ. ಆಗ ತಿರುವಿನಲ್ಲಿ ಸರಿಯುವ ಭಾರದಲ್ಲಿ ಹೆಚ್ಚಿನ ಪಾಲು ಹಿಂದಿನ ಹೊರಚಕ್ರದ ಮೇಲೆ ಬೀಳುತ್ತದೆ. ಟೈರಿನ ಮೇಲೆ ಎರಡು ಪಟ್ಟು ಭಾರ ಹಾಕಿದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಹೀಗಾಗಿ ಹಿಂದಿನ ಎರಡೂ ಚಕ್ರಗಳ ಒಟ್ಟು ಹಿಡಿತ ಇಳಿಯುತ್ತದೆ. ಸಾಮಾನ್ಯ ಕಾರುಗಳನ್ನು ಮಿತಿ ಮೀರಿದಾಗ ಮುಂದಿನ ಚಕ್ರ ಮೊದಲು ಜಾರುವಂತೆ ರೂಪಿಸಿರುತ್ತಾರೆ, ಏಕೆಂದರೆ ಆಗ ವೇಗ ತಗ್ಗಿಸಿದರೆ ಸಾಮಾನ್ಯವಾಗಿ ಕಾರು ಹತೋಟಿಗೆ ಬರುತ್ತದೆ. ಹಿಂದಿನದು ಮೊದಲು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ ಇರುವಲ್ಲಿ ಅದನ್ನು ಸರಿಪಡಿಸಲು ಜಾಗವೂ ಇಲ್ಲ, ಸಮಯವೂ ಇಲ್ಲ.

ಗುಂಡಿ ಬಿದ್ದ ರಸ್ತೆಯಲ್ಲಂತೂ ತೀರಾ ಬಿಗಿ ಸ್ಪ್ರಿಂಗ್ ಚಕ್ರವನ್ನು ಪುಟಿಸುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಹಿಡಿತವೇ ಇಲ್ಲ.

ಹಾಗಾದರೆ ಖರ್ಚು ಮಾಡಬೇಕಾದದ್ದು ಎಲ್ಲಿ? ನಮ್ಮ ಉತ್ತರ: ಮೊದಲು ಟೈರು, ನಂತರ ಶಾಕ್ ಅಬ್ಸಾರ್ಬರ್. ಟೈರಿನ ಗೀರುಗಳೊಳಗೆ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಉಳಿದಿರುವುದು 1.6 ಮಿ.ಮೀ. ಆಳ ಮಾತ್ರ, ಬದಲಿಸಲೇಬೇಕು. ನಾವು ಕೇಳಿದರೆ ಮಳೆಗಾಲದ ಘಾಟಿಗೆ ಅಷ್ಟರವರೆಗೆ ಕಾಯುವುದೂ ಬೇಡ ಎನ್ನುತ್ತೇವೆ. ಗಾಳಿಯ ಒತ್ತಡವನ್ನು ಟೈರು ತಣ್ಣಗಿದ್ದಾಗ, ಕಂಪನಿ ಹೇಳಿದಷ್ಟೇ ಇಡಿಸಿ. ಕಾರು ತುಂಬಿದ್ದರೆ ಬೇರೆ ಅಂಕಿ ಇರುತ್ತದೆ, ಬಾಗಿಲ ಬಳಿಯ ಸ್ಟಿಕ್ಕರ್ ನೋಡಿ. ಹಿಡಿತ ಹೆಚ್ಚಲೆಂದು ಗಾಳಿ ಇಳಿಸುವುದು ಮರಳಿಗೆ ಸರಿ, ಡಾಂಬರಿಗಲ್ಲ.

ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್ ಕೆಲಸ. ಅದರ ಮೈಮೇಲೆ ಎಣ್ಣೆ ಸೋರಿದ ಗುರುತಿದ್ದರೆ ಅಥವಾ ಒಂದು ಉಬ್ಬು ದಾಟಿದ ಮೇಲೂ ಕಾರು ಎರಡು-ಮೂರು ಸಲ ಕುಪ್ಪಳಿಸಿದರೆ ಮೆಕ್ಯಾನಿಕ್‌ಗೆ ತೋರಿಸಿ. ಬದಲಿಸುವಾಗ ಎಡ-ಬಲ ಜೋಡಿಯಾಗಿಯೇ ಬದಲಿಸಿ.

ಕಾಸು ಖರ್ಚಿಲ್ಲದ ಸುಧಾರಣೆಯೂ ಒಂದಿದೆ. ಚಾವಣಿಯ ಮೇಲೆ ಕಟ್ಟಿದ ಲಗೇಜನ್ನು ಇಳಿಸಿ ಡಿಕ್ಕಿಯ ತಳದಲ್ಲಿಡಿ. ಭಾರ ಕೆಳಕ್ಕೆ ಬಂದಷ್ಟೂ ತಿರುವಿನಲ್ಲಿ ಒಂದು ಬದಿಗೆ ಸರಿಯುವ ಭಾರ ನಿಜಕ್ಕೂ ಕಡಿಮೆಯಾಗುತ್ತದೆ.