ಜೋತುಬಿದ್ದ ಬೆರಳ ತುದಿ

ನರ್ಸಿಂಗ್ ಓದುವ ಮಗಳು ಮೊಬೈಲ್‌ನಲ್ಲಿ ಸೊಟ್ಟ ಬೆರಳುಗಳ ವಿಡಿಯೋ ನೋಡುತ್ತ ಕುಳಿತಿದ್ದರೆ ಗದರಿಸಬೇಡಿ. ಅದೂ ಪಾಠವೇ.

ಕ್ರಿಕೆಟ್ ಚೆಂಡು ಬೆರಳ ತುದಿಗೆ ಬಡಿಯಿತೆನ್ನಿ. ತುದಿ ಕೆಳಕ್ಕೆ ಜೋತುಬೀಳುತ್ತದೆ. ಇನ್ನೊಂದು ಕೈಯಿಂದ ಎತ್ತಿದರೆ ನೆಟ್ಟಗಾಗುತ್ತದೆ, ಬಿಟ್ಟರೆ ಮತ್ತೆ ಬಾಗುತ್ತದೆ. ವೈದ್ಯರು ಇದನ್ನು ‘ಮ್ಯಾಲೆಟ್ ಫಿಂಗರ್’ ಎನ್ನುತ್ತಾರೆ. ಬೆರಳಿನ ಮೇಲ್ಬದಿಯಲ್ಲಿ ಹಾದು ತುದಿಮೂಳೆಗೆ ಅಂಟಿರುವ ಸ್ನಾಯುರಜ್ಜು ಅಲ್ಲಿ ಕಿತ್ತುಹೋಗಿರುತ್ತದೆ; ಕೆಲವೊಮ್ಮೆ ಮೂಳೆಯ ಚೂರೂ ಜೊತೆಗೆ ಬಂದಿರುತ್ತದೆ. ಈ ಎತ್ತುವುದು, ಬೀಳುವುದು ಪುಸ್ತಕದ ಚಿತ್ರದಲ್ಲಿ ಕಾಣುವುದಾದರೂ ಹೇಗೆ?

ಉಳುಕೆಂದು ಎಣ್ಣೆ ತಿಕ್ಕಿ ಎಳೆಯುವವರುಂಟು. ಬೇಕಾದದ್ದು ತುದಿಯನ್ನು ನೇರವಾಗಿ ಹಿಡಿದಿಡುವ ಪಟ್ಟಿ. ಸಾಮಾನ್ಯವಾಗಿ 6ರಿಂದ 8 ವಾರ, ಹಗಲೂ ರಾತ್ರಿ. ತೊಳೆಯಲು ಪಟ್ಟಿ ತೆಗೆದಾಗಲೂ ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿರಬೇಕು. ನಡುವೆ ಬಾಗಿತೋ, ವಾರಗಳ ಲೆಕ್ಕ ಮತ್ತೆ ಮೊದಲಿನಿಂದ! ರೋಗಿಗೆ ಇದನ್ನು ಮಾಡಿ ತೋರಿಸುವ ಹೊಣೆ ನರ್ಸ್‌ಗೂ ಬರಬಹುದು.

ಅಲಕ್ಷಿಸಿದರೆ ನಡುಗೀಲು ಹಿಂದಕ್ಕೆ ಬಾಗಿ ಬೆರಳು ಹಂಸದ ಕತ್ತಿನಂತಾಗಬಹುದು. ಆದರೆ ರುಮಟಾಯ್ಡ್ ಸಂಧಿವಾತದಲ್ಲೂ ಇದೇ ಆಕಾರ ಬರುತ್ತದೆ. ಹಾಗಾಗಿ ಆಕಾರ ಗುರುತಿಸಿದೊಡನೆ ಕೆಲಸ ಮುಗಿಯಲಿಲ್ಲ. ಪೆಟ್ಟು ಬಿದ್ದಿತ್ತೇ, ಬೆಳಿಗ್ಗೆ ಕೀಲುಗಳು ಬಿಗಿಯುತ್ತವೆಯೇ ಎಂದು ಕೇಳಬೇಕು, ಊತ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಬಿಸಿಯನ್ನು ಯಾವ ವಿಡಿಯೋವೂ ತೋರಿಸದು.

ವಿದ್ಯಾರ್ಥಿಗಳಿಗೊಂದು ಉಪಾಯ. ಮೊದಲ ಸಲ ಧ್ವನಿಯಿಲ್ಲದೆ ನೋಡಿ. ಬಾಗಿದ್ದು ಯಾವ ಕೀಲು, ತಾನಾಗಿ ನೆಟ್ಟಗಾಗುತ್ತದೆಯೋ ಎತ್ತಿದರೆ ಮಾತ್ರವೋ ಎಂದು ಬರೆದಿಟ್ಟುಕೊಳ್ಳಿ. ವಿವರಣೆ ಆಮೇಲೆ ಕೇಳಿ.