ನಿಮ್ಮೂರಿನ ನಕ್ಷೆ ನೀವೇ ಬರೆಯಿರಿ

ನಿಮ್ಮ ಮನೆಯಿಂದ ಶಾಲೆಗೆ ಅರ್ಧ ಕಿಲೋಮೀಟರ್ ದೂರವೆಂದು ಇಟ್ಟುಕೊಳ್ಳಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಅದು ಬರೀ ಒಂದು ಸೆಂಟಿಮೀಟರ್! ನೀವು ದಿನಾ ದಾಟುವ ತೆರೆದ ಚರಂಡಿ, ನಾಯಿಗಳು ಬೆನ್ನಟ್ಟುವ ತಿರುವು, ಬೇಸಿಗೆಯಲ್ಲಿ ನಿಂತು ದಣಿವಾರಿಸಿಕೊಳ್ಳುವ ಹೊಂಗೆ ಮರ, ಇವು ಯಾವುವೂ ಆ ಒಂದು ಸೆಂಟಿಮೀಟರಿನಲ್ಲಿ ಹಿಡಿಸುವುದಿಲ್ಲ. ಅದು ನಕ್ಷೆಯ ದೋಷವಲ್ಲ, ಅದನ್ನು ಬರೆದದ್ದೇ ಬೇರೆ ಕೆಲಸಕ್ಕೆ.

ಮಕ್ಕಳು ತಮ್ಮ ಊರನ್ನು ತಾವೇ ಬರೆಯುವುದು ಹೊಸತೇನಲ್ಲ. ನಗರ ಯೋಜನಾ ತಜ್ಞ ಕೆವಿನ್ ಲಿಂಚ್ 1970ರ ದಶಕದಲ್ಲಿ ಯುನೆಸ್ಕೊ ಪರವಾಗಿ ಹಲವು ದೇಶಗಳಲ್ಲಿ ಇಂಥ ಕೆಲಸ ಮಾಡಿಸಿದ್ದರು. 1990ರ ದಶಕದಲ್ಲಿ ಅದು ಮತ್ತೆ ಆರಂಭವಾದಾಗ ಬೆಂಗಳೂರಿನ ಸತ್ಯನಗರ ಕೊಳೆಗೇರಿಯ ಮಕ್ಕಳೂ ಪಾಲ್ಗೊಂಡರು. ಅಲ್ಲಿ ಕೆಲಸ ನಡೆಸಿದ ಡೇವಿಡ್ ಡ್ರಿಸ್ಕೆಲ್ ಬರೆದ ಕೈಪಿಡಿಯನ್ನು 2002ರಲ್ಲಿ ಯುನೆಸ್ಕೊ ಹೊರತಂದಿತು. ನಮ್ಮದೇ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಮಕ್ಕಳ ಪಂಚಾಯಿತಿಗಳು ಹಳ್ಳಕ್ಕೆ ಕಾಲುಸಂಕ ಬೇಕೆಂಬಂಥ ಬೇಡಿಕೆಗಳನ್ನು ಹಿರಿಯರ ಮುಂದಿಟ್ಟವು. ದೊಡ್ಡವರ ಕಣ್ಣಿಗೆ ಅದು ದಾಟಬಹುದಾದ ಹಳ್ಳ. ಎರಡನೇ ತರಗತಿಯ ಮಗುವಿಗೆ ಮಾತ್ರ ಎದೆಮಟ್ಟದ ನೀರು!

ಈಗ ಕೆಲಸಕ್ಕೆ ಬರೋಣ. ಮೊದಲು 30 ಮೀಟರ್ ದೂರವನ್ನು ಟೇಪಿನಿಂದ ಅಳೆದು, ಸಹಜವಾಗಿ ಮೂರು ಸಲ ನಡೆದು, ಹೆಜ್ಜೆ ಎಣಿಸಿ ಸರಾಸರಿ ತೆಗೆಯಿರಿ. 60 ಹೆಜ್ಜೆಯಾದರೆ ನಿಮ್ಮ ಒಂದು ಹೆಜ್ಜೆ ಅರ್ಧ ಮೀಟರ್. ಇನ್ನು ಊರೆಲ್ಲ ಅಳೆಯಲು ನಿಮ್ಮ ಕಾಲೇ ಸಾಕು. ಹಾಳೆಯ 1 ಸೆಂಟಿಮೀಟರ್ ಎಂದರೆ ನೆಲದ 20 ಮೀಟರ್ ಎಂದಿಟ್ಟುಕೊಂಡರೆ ಆ ಅರ್ಧ ಕಿಲೋಮೀಟರ್ 25 ಸೆಂಟಿಮೀಟರ್ ಆಗುತ್ತದೆ. ಚರಂಡಿಗೂ ಮರಕ್ಕೂ ಜಾಗ ಸಿಕ್ಕಿತು!

ದಿಕ್ಕಿಗೆ ದಿಕ್ಸೂಚಿಯೇ ಬೇಕೆಂದಿಲ್ಲ. ನೆಟ್ಟಗೆ ನೆಟ್ಟ ಕೋಲಿನ ನೆರಳು ಅತಿ ಗಿಡ್ಡವಾದಾಗ ಅದು ಉತ್ತರ-ದಕ್ಷಿಣ ಗೆರೆ. ನಮ್ಮಲ್ಲಿ ಅದು ಗಡಿಯಾರದ 12ಕ್ಕೆ ಆಗುವುದಿಲ್ಲ, 12.25ರ ಆಚೀಚೆ, ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಹೆಚ್ಚು ಕಡಿಮೆ. ಇನ್ನೊಂದು ತಮಾಷೆ: ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ತಿಂಗಳು ಉತ್ತರಕ್ಕೆ. ಇದನ್ನು ಮರೆತರೆ ನಕ್ಷೆ ತಲೆಕೆಳಗು.

ಗುರುತುಗಳನ್ನು ಊರೇ ಹೇಳಿಕೊಡುತ್ತದೆ. ಹೊನ್ನಾಳಿಯವರು ಮಳೆಗಾಲದಲ್ಲಿ ತುಂಗಭದ್ರೆಯ ಬಳಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕೆಂಪು ಗೆರೆ ಎಳೆಯಲಿ. ಮಳೆ ಕಡಿಮೆಯ ಜಗಳೂರಿನಲ್ಲಿ ನೆರಳು, ಕುಡಿಯುವ ನೀರು ಮೊದಲು. ಚನ್ನಗಿರಿಯಲ್ಲಿ ಕೋಟೆ ಗುಡ್ಡದಿಂದ ನೋಡಿದರೆ ಅರ್ಧ ನಕ್ಷೆ ಕಣ್ಣೆದುರೇ ಇರುತ್ತದೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯವರು ಈಗಲೇ ಆಟದ ಬಯಲುಗಳನ್ನು ಗುರುತಿಸಿಡುವುದು ಒಳ್ಳೆಯದು, ಕಟ್ಟಡ ಎದ್ದ ಮೇಲೆ ಬರೆದು ಏನು ಪ್ರಯೋಜನ?

ಪಾಲಕರಿಗೆ ಒಂದು ಮಾತು. ದಯವಿಟ್ಟು ಪೆನ್ಸಿಲ್ ಕಸಿದುಕೊಳ್ಳಬೇಡಿ. (ಪ್ರಾಜೆಕ್ಟ್ ಎಂದರೆ ಅಪ್ಪನ ಕೈಬರಹ ಎಂಬುದು ನಮ್ಮ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಗುಟ್ಟು!) ನಿಮ್ಮ ಮಗು ಶಾಲೆಗೆ ಹೋಗುವ ದಾರಿಯನ್ನು ನೀವು ಬೇರೆ ಹಾಳೆಯಲ್ಲಿ ಬರೆದು, ಆಮೇಲೆ ಎರಡನ್ನೂ ಅಕ್ಕಪಕ್ಕ ಇಡಿ. ನೀವು ನೇರ ದಾರಿ ಬರೆದಿದ್ದು ಮಗು ಸುತ್ತುದಾರಿ ಬರೆದಿದ್ದರೆ, ಏಕೆ ಎಂದು ಕೇಳಿ. ಗದರಬೇಡಿ. ಆ ಸುತ್ತಿನ ಹಿಂದೆ ಲಾರಿ ಇರಬಹುದು, ಚುಡಾಯಿಸುವವರು ಇರಬಹುದು, ಬರೀ ನೇರಳೆ ಮರವೂ ಇರಬಹುದು. ಅಣ್ಣ ತಂಗಿಯರ ನಕ್ಷೆಗಳನ್ನೂ ಹೋಲಿಸಿ. ಅಣ್ಣನದು ಕೆರೆಯವರೆಗೆ ಹರಡಿ ತಂಗಿಯದು ಶಾಲೆಯ ಗೇಟಿಗೇ ನಿಂತರೆ, ಆ ಗೆರೆ ಎಳೆದವರು ಯಾರು ಎಂದು ಮನೆಯಲ್ಲೇ ಮಾತಾಡಬೇಕಾಗುತ್ತದೆ.

ಇಡೀ ಬೀದಿಯ ಮಕ್ಕಳ ನಕ್ಷೆಗಳನ್ನು ಸೇರಿಸಿ ಒಂದು ದೊಡ್ಡ ಹಾಳೆಗೆ ಇಳಿಸಿ. ಅದರಲ್ಲಿ ಯಾವ ಮಗುವಿನ ಹೆಸರೂ ಮನೆಯ ಗುರುತೂ ಬೇಡ. ಹಳ್ಳಿಯವರು ಅದನ್ನು ಮಕ್ಕಳ ಗ್ರಾಮಸಭೆಗೆ ಒಯ್ಯಬಹುದು, ಪಟ್ಟಣದವರು ವಾರ್ಡಿನ ಸದಸ್ಯರಿಗೆ ಕೊಟ್ಟು ಸಹಿ ಪಡೆಯಲಿ. ಒಂದು ನಕಲು ನಿಮ್ಮಲ್ಲೇ ಇರಲಿ. ಆರು ತಿಂಗಳ ನಂತರ ಅದನ್ನು ಹಿಡಿದು ಅದೇ ದಾರಿಯಲ್ಲಿ ನಡೆದು, ಸರಿಹೋದ ಜಾಗಗಳಿಗೆ ಹಸಿರು ಬಳಿಯಿರಿ.